ವಿಜಯಪುರದ ಪೈಲವಾನರ ಸೈಕಲ್ ಅಂಗಡಿ: ಫಿಟ್ಟಿಂಗ್‌ಗೆ ಕಣ್ಣುಮುಚ್ಚಿ ಹೋಗಿ, ಬಿಡಿಭಾಗಕ್ಕೆ ಫೋನ್ ಮಾಡಿ ಹೋಗಿ

ವಿಜಯಪುರದಲ್ಲಿ ಸೈಕಲ್ ರಿಪೇರಿ ಅಂಗಡಿಗಳಿಗೆ ಬರವಿಲ್ಲ, ರೇಸಿಂಗ್ ಸೈಕಲ್ ಏರುವ ಹುಡುಗ ಹುಡುಗಿಯರಿಗೂ ಬರವಿಲ್ಲ. ಸವಾರನ ಮೈ ಅಳೆದು ಸೈಕಲ್ಲನ್ನು ಅದಕ್ಕೆ ಹೊಂದಿಸುವ, ಅಂದರೆ ಫಿಟ್ಟಿಂಗ್ ಮಾಡುವ ಕಸುಬುದಾರ ಸಿಗುವುದು ಮಾತ್ರ ಕಷ್ಟ. ಸ್ಟೇಶನ್ ರಸ್ತೆಯಿಂದ ಒಳಗೆ ಹೊರಳಿದ ಓಣಿಯಲ್ಲಿರುವ ಈ ಅಂಗಡಿಯಲ್ಲಿ ಆ ಕೆಲಸ ನಡೆಯುತ್ತದೆ. ಮಾಲೀಕರು ಮೊದಲು ಗರಡಿಯಲ್ಲಿ ಸಾಮು ಮಾಡಿದವರು, ಆಮೇಲೆ ಕ್ರೀಡಾ ಹಾಸ್ಟೆಲ್ ಸೇರಿ ಸೈಕ್ಲಿಂಗ್ ಹಿಡಿದವರು, ಕೆಲವು ವರ್ಷ ಎರಡನ್ನೂ ಜೊತೆಗೇ ನಡೆಸಿದವರು. ಸ್ಪರ್ಧೆ ಬಿಟ್ಟ ಮೇಲೆ ಅಂಗಡಿ ತೆರೆದರು. ಗಿರಾಕಿಗಳ ಬಾಯಲ್ಲಿ ಈಗಲೂ ಅವರು ‘ಪೈಲವಾನರು’.

ಎರಡು ಆಟ ಆಡುವವರು ಸಾಮಾನ್ಯವಾಗಿ ಒಂದೇ ಸ್ನಾಯು ಬೇಡುವ ಜೋಡಿ ಆರಿಸುತ್ತಾರೆ. ಅಮೆರಿಕದ ಎರಿಕ್ ಹೈಡನ್ 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪೀಡ್ ಸ್ಕೇಟಿಂಗ್‌ನ ಐದು ಚಿನ್ನ ಗೆದ್ದು, 1986ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸಿಗೆ ಇಳಿದರು, ಕೊನೆಗೆ ಮೂಳೆ ವೈದ್ಯರಾದರು. ಅಲ್ಲಿ ಎರಡೂ ಆಟಕ್ಕೆ ತೊಡೆಯೇ ಬಂಡವಾಳ. ಕುಸ್ತಿ ಮತ್ತು ಸೈಕಲ್ ಹಾಗಲ್ಲ. ಕುಸ್ತಿಗೆ ಕತ್ತು, ಭುಜ ದಪ್ಪಗಾಗಬೇಕು. ಏರು ಹತ್ತುವ ಸೈಕಲ್ ಸವಾರನಿಗೆ ಅದೇ ಮಾಂಸ ಹೊರೆ. ಎರಡೂ ಮಾಡಿದ ಈ ಮನುಷ್ಯ ಪದಕದ ಲೆಕ್ಕದಲ್ಲಿ ಕಳೆದುಕೊಂಡಿರಬಹುದು, ಫಿಟ್ಟಿಂಗ್‌ನಲ್ಲಿ ಮಾತ್ರ ಅದು ಲಾಭವೇ ಆಗಿದೆ. ಬೇರೆ ಕಡೆ ಸೀಟಿನ ಎತ್ತರಕ್ಕೆ ಕೆಲಸ ಮುಗಿಯುತ್ತದೆ. ಇಲ್ಲಿ ಸೊಂಟ, ಭುಜ, ಕತ್ತನ್ನೂ ನೋಡುತ್ತಾರೆ.

ಕ್ರಮ ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತೊಡೆಸಂದಿಗೆ ಗಟ್ಟಿ ರಟ್ಟಿನ ಪುಸ್ತಕ ಒತ್ತಿ, ಅಲ್ಲಿಂದ ನೆಲದವರೆಗೆ ಅಳೆಯುತ್ತಾರೆ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಸಿಗುತ್ತದೆ. 80 ಸೆಂ.ಮೀ. ಇದ್ದವರಿಗೆ 70.6. ಇದು ಬರೀ ಶುರು. ನಂತರ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಮೇಲೆ ಹತ್ತು ಹದಿನೈದು ನಿಮಿಷ ತುಳಿಸುತ್ತಾರೆ, ಯಾಕೆಂದರೆ ಮೈ ಬಿಸಿಯಾಗುವ ಮೊದಲು ಯಾರೂ ತಮ್ಮ ಸಹಜ ಭಂಗಿಯಲ್ಲಿ ಕೂರುವುದಿಲ್ಲ. ಪೆಡಲ್ ಕೆಳಗಿದ್ದಾಗ ನಿಲ್ಲಿಸಿ ಮೊಣಕಾಲಿನ ಬಾಗು ಅಳೆದರೆ 25ರಿಂದ 35 ಡಿಗ್ರಿ ಒಳಗೆ ಬರಬೇಕು. ಎರಡೂ ಕಾಲು ಬೇರೆ ಬೇರೆ ಅಳೆಯುತ್ತಾರೆ. ಇದನ್ನು ಬಿಟ್ಟವರ ಫಿಟ್ಟಿಂಗ್ ಅರ್ಧ ಫಿಟ್ಟಿಂಗ್. ಮೊಣಕಾಲಿನ ಮುಂದೆ ನೋವಿದ್ದರೆ ಸೀಟ್ ತಗ್ಗಿದೆ ಎಂಬ ಗುಮಾನಿ, ಹಿಂದೆ ನೋವಿದ್ದರೆ ಎತ್ತರವಾಗಿದೆ ಎಂಬ ಗುಮಾನಿ.

ಕಬಡ್ಡಿ, ಕುಸ್ತಿ ಆಡಿ ಸೈಕಲ್ಲಿಗೆ ಬಂದ ಹುಡುಗರಿಗೆ ಈ ಅಂಗಡಿ ಹೆಚ್ಚು ಉಪಯೋಗ. ತೊಡೆ ದಪ್ಪ, ಸೊಂಟ ಬಿಗಿ, ಬಗ್ಗಿ ತುಳಿಯುವಾಗ ಮೊಣಕಾಲು ಹೊರಗೆ ತೆರೆದುಕೊಳ್ಳುತ್ತದೆ. ಅಂಥವರಿಗೆ 170 ಮಿ.ಮೀ. ಕ್ರ್ಯಾಂಕ್ ತೆಗೆದು 165 ಹಾಕಿದರೆ ತುಳಿತದ ಮೇಲುತುದಿಯಲ್ಲಿ ಸೊಂಟಕ್ಕೆ ಜಾಗ ಸಿಗುತ್ತದೆ. ಸೀಟನ್ನು ಅಷ್ಟೇ 5 ಮಿ.ಮೀ. ಎತ್ತಬೇಕು. ಹ್ಯಾಂಡಲ್ ಅಗಲವನ್ನೂ ಭುಜದ ಎಲುಬಿನ ತುದಿಯಿಂದ ತುದಿಗೆ ಅಳೆದೇ 40, 42, 44 ಸೆಂ.ಮೀ.ನಲ್ಲಿ ಒಂದನ್ನು ಹೇಳುತ್ತಾರೆ. ಕತ್ತು ನೋಯುತ್ತದೆ ಎಂದವರಿಗೆ ಮೊದಲು ಸ್ಟೆಮ್ (ಹ್ಯಾಂಡಲ್ ಹಿಡಿದಿಡುವ ತುಂಡು) ಕೆಳಗೆ ಸ್ಪೇಸರ್ ಬಳೆ ಹಾಕಿ ಎತ್ತಿ ನೋಡುತ್ತಾರೆ, ಹೊಸ ಸ್ಟೆಮ್ ಮಾರಲು ಹೋಗುವುದಿಲ್ಲ. ಎಲ್ಲರಿಗೂ ಒಂದು ಮಾತು ತಪ್ಪದೆ ಬೀಳುತ್ತದೆ: “ಸೀಟ್ ಒಮ್ಮೆಲೆ ಎತ್ತಬ್ಯಾಡ್ರಿ, ವಾರಕ್ಕ ನಾಕೈದು ಮಿಲಿಮೀಟರ್ ಸಾಕ್ರಿ.” ಸರಿಯಾದ ಮಾತು. ಹೊಸ ಎತ್ತರಕ್ಕೆ ಸ್ನಾಯು ಒಗ್ಗುವ ಮೊದಲೇ ಸೋಲಾಪುರ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ತುಳಿದವರು ಮೊಣಕಾಲು ಹಿಡಿದುಕೊಂಡೇ ಇಳಿಯುತ್ತಾರೆ.

ಸೀಟ್ ಹೊರುವ ಕಾರ್ಬನ್ ಕೊಳವೆಗೆ, ಅಂದರೆ ಸೀಟ್ ಪೋಸ್ಟಿಗೆ, ಪೈಲವಾನರ ಕೈ ತಗುಲಿದರೆ ಗತಿಯೇನು ಎಂಬ ಅಂಜಿಕೆ ಬೇಡ. ಬಿಗಿ ಎಷ್ಟೆಂದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲದೆ ಬೋಲ್ಟ್ ಮುಟ್ಟುವುದಿಲ್ಲ. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಮೇಲೆ ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್. ಗ್ರೀಸ್ ಹಾಕುವುದಿಲ್ಲ, ಹಾಕಿದರೆ ಪೋಸ್ಟ್ ಜಾರುತ್ತದೆ, ಜಾರಿತೆಂದು ಮತ್ತೆ ಬಿಗಿದರೆ ಸೀಳುತ್ತದೆ.

ಗಾಲಿಯ ಬೆಂಡ್ ತೆಗೆಯುವ ಕೆಲಸವೂ ಮೇಲ್ದರ್ಜೆಯದು. ರಿಮ್ ನೇರ ಕಂಡರೆ ಸಾಕು ಎಂದು ಬಿಡುವ ಜನವೇ ಬಹಳ. ಆದರೆ ಕಡ್ಡಿಗಳ ಬಿಗಿ ಒಂದೇ ಸಮ ಇಲ್ಲದಿದ್ದರೆ ಆ ನೇರ ಹೆಚ್ಚು ದಿನ ಬಾಳುವುದಿಲ್ಲ. ಇಲ್ಲಿ ಟೆನ್ಶನ್ ಮೀಟರ್ ಹಿಡಿದು ಹಿಂದಿನ ಗಾಲಿಯ ಚೈನ್ ಬದಿಯನ್ನು 100ರಿಂದ 120 ಕಿಲೋ ಬಿಗಿಗೆ ತರುತ್ತಾರೆ. ಎಡಬದಿಯ ಬಿಗಿ ಅದರ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ನಿಲ್ಲುತ್ತದೆ. ಚೈನ್ ಬದಿಯಲ್ಲಿ ಗೇರಿಗೆ ಜಾಗ ಬಿಡಲು ಎಡಬದಿಯ ಕಡ್ಡಿಗಳು ಹೆಚ್ಚು ಓರೆಯಾಗಿರುವುದೇ ಕಾರಣ. ಕಡ್ಡಿಯ ತುದಿಯ ನಟ್ಟಾದ ನಿಪ್ಪಲ್ಲನ್ನು ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ, ಕಡ್ಡಿಗಳನ್ನು ಜೋಡಿಜೋಡಿಯಾಗಿ ಕೈಯಲ್ಲಿ ಹಿಸುಕಿ, ಮತ್ತೆ ನೋಡುತ್ತಾರೆ. ಅಕ್ಕಪಕ್ಕದ ಓಲಾಟ ಅರ್ಧ ಮಿಲಿಮೀಟರ್ ಒಳಗೆ ಬರುವವರೆಗೆ ಗಾಲಿ ಸ್ಟ್ಯಾಂಡಿನಿಂದ ಇಳಿಯುವುದಿಲ್ಲ. ಕಡ್ಡಿ ಬಿಗಿಯಾಗಿದ್ದರಿಂದ ಮುರಿಯಿತು ಎಂದು ಜನ ತಿಳಿಯುತ್ತಾರೆ, ಬಹಳ ಸಲ ಆಗುವುದು ತಿರುವುಮುರುವು. ಸಡಿಲಿದ್ದ ಕಡ್ಡಿ ಪ್ರತಿ ಸುತ್ತಿಗೂ ಹಿಗ್ಗಿ ಕುಗ್ಗಿ, ಗಾಲಿಯ ನಡುವಿನ ಹಬ್ಬಿನ ಹತ್ತಿರದ ಬಾಗಿನಲ್ಲಿ ದಣಿದು ತುಂಡಾಗುತ್ತದೆ.

ಚೈನಿನ ವಿಷಯದಲ್ಲಿ ನಮ್ಮ ಎರೆ ನೆಲದ ಧೂಳೇ ಶತ್ರು. ದಪ್ಪ ಎಣ್ಣೆ ಹಾಕಿದರೆ ಧೂಳು ಅಂಟಿ ತಿಕ್ಕುವ ಮಸಿಯಾಗುತ್ತದೆ. ಬೇಸಗೆಯಲ್ಲಿ ಅವರು ಹೇಳುವುದು ಮೇಣದ ಲೂಬ್. ಆದರೆ ಹಳೆಯ ಎಣ್ಣೆ ಪೂರ್ತಿ ತೊಳೆಯದೆ ಮೇಣ ಹಾಕಿದರೆ ಅದು ಹಿಡಿಯುವುದೇ ಇಲ್ಲ. ಸವೆತದ ಗೇಜ್ 11, 12 ಸ್ಪೀಡಿನ (ಹಿಂದೆ ಅಷ್ಟು ಗೇರ್ ಇರುವ) ಚೈನಿಗೆ ಶೇಕಡಾ 0.5, ಅದಕ್ಕಿಂತ ಕಡಿಮೆ ಸ್ಪೀಡಿನವಕ್ಕೆ 0.75 ಹಿಗ್ಗಿದೆ ಎಂದು ತೋರಿಸಿದರೆ ಬದಲಿಸಬೇಕು, ತಡಮಾಡಿದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್ಟೂ ಹೋಗುತ್ತದೆ. ಪಂಕ್ಚರಿಗೆ ಬಳ್ಳಾರಿ ಜಾಲಿ ಮುಳ್ಳೇ ಮುಖ್ಯ ಕಾರಣ. ಟಯರಿನ ಒಳಮೈಗೆ ಹತ್ತಿ ಸವರಿ ನೋಡಿ, ಎಳೆ ಸಿಕ್ಕಿಕೊಂಡಲ್ಲಿ ಮುರಿದ ಮುಳ್ಳಿನ ತುದಿ ಹುಡುಕುವ ಪದ್ಧತಿ ಇಲ್ಲಿದೆ. ಟ್ಯೂಬ್‌ಲೆಸ್ ಟಯರ್ ಬಳಸುವವರು ಒಂದನ್ನು ನೆನಪಿಡಬೇಕು: ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಊರಲ್ಲಿ ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್, ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು.

ಈಗ ಗಲ್ಲಾಪೆಟ್ಟಿಗೆಯ ಕಡೆ. ವ್ಯಾಪಾರದಲ್ಲಿ ಪೈಲವಾನರಿಗೆ ಇನ್ನೂ ಹಿಡಿತ ಸಿಕ್ಕಿಲ್ಲ. ಸೈಕಲ್ ಬಿಟ್ಟುಹೋದರೆ ಜಾಬ್ ಕಾರ್ಡ್ ಇಲ್ಲ, ಎಲ್ಲ ಅವರ ನೆನಪಿನಲ್ಲಿ. ಎಂಟು, ಒಂಬತ್ತು ಸ್ಪೀಡಿನ ಚೈನ್, ಕ್ಯಾಸೆಟ್, ಕೇಬಲ್ ಬೇಕಷ್ಟಿವೆ. ಹನ್ನೊಂದು, ಹನ್ನೆರಡರ ಸಾಮಾನು ತರಿಸಬೇಕು, ಮುಂಗಡ ಕೊಡಬೇಕು, ಕಾಯಬೇಕು. ಕಪಾಟಿನಲ್ಲಿ ದುಬಾರಿ ಸಾಮಾನು ಕೂತರೆ ದುಡ್ಡು ಕೂರುತ್ತದೆ ಎಂಬ ಅವರ ಲೆಕ್ಕ ಒಪ್ಪೋಣ, ಅಂಗಡಿ ಬಾಡಿಗೆ ಹೊರಡುವುದು ಶಾಲೆ ಮಕ್ಕಳ ಸೈಕಲ್ಲಿನಿಂದಲೇ. ಆದರೆ ಬ್ರೇಕ್ ಪ್ಯಾಡಿನಂಥ ಸಣ್ಣ ವಸ್ತುವಿಗೂ ಕಾಯಿಸುವುದು ಸರಿಯಲ್ಲ. ಹೇಳಿದ ದಿನಕ್ಕೆ ಸೈಕಲ್ ಸಿಗುವುದೂ ಅಪರೂಪ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿಗಂತೂ ಕೇಳಲೇಬೇಡಿ. ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕಿನ ಕೆಲಸ ಅರೆಮನಸ್ಸಿನದು. ಶಿಮಾನೊ ಕಂಪನಿಯ ಬ್ರೇಕಿಗೆ ಮಿನರಲ್ ಆಯಿಲ್, ಬೇರೆ ಕೆಲವಕ್ಕೆ ಡಾಟ್ ಫ್ಲೂಯಿಡ್. ಅದಲು ಬದಲಾದರೆ ಒಳಗಿನ ರಬ್ಬರ್ ಸೀಲ್ ಹಾಳಾಗುತ್ತದೆ. ಯಾವುದು ಬೇಕೆಂದು ಬ್ರೇಕಿನ ಮೇಲೆಯೇ ಬರೆದಿರುತ್ತದೆ, ನೀವೇ ಓದಿ ಹೇಳಿ.

ಭಾನುವಾರ ಬೆಳಿಗ್ಗೆ ರೈಡ್ ಮುಗಿಸಿದವರ ಗುಂಪು ನೆರೆದಿರುತ್ತದೆ, ಫಿಟ್ಟಿಂಗ್‌ಗೆ ವಾರದ ನಡುವಿನ ಮಧ್ಯಾಹ್ನವೇ ಲೇಸು. ನೀವು ನಿಜವಾಗಿ ತೊಡುವ ಶೂ, ಅದನ್ನು ಪೆಡಲ್ಲಿಗೆ ಕಚ್ಚಿಸುವ ಕ್ಲೀಟ್, ಪ್ಯಾಡ್ ಇರುವ ಚಡ್ಡಿ ಒಯ್ಯಿರಿ, ಬೇರೆ ಶೂನಲ್ಲಿ ಮಾಡಿಸಿದ ಅಳತೆ ನಿಮ್ಮ ಶೂಗೆ ಹೊಂದುವುದಿಲ್ಲ. ದರವನ್ನು ಮೊದಲೇ ಕೇಳಿ. ಬೋರ್ಡಿನ ಮೇಲೆ ಸರ್ವಿಸ್ ದರವಿದೆ, ಫಿಟ್ಟಿಂಗ್ ದರವಿಲ್ಲ. ಮುಗಿದ ಮೇಲೆ ಸೀಟಿನ ಎತ್ತರ, ಸೀಟ್ ಎಷ್ಟು ಹಿಂದಿದೆ, ಸೀಟಿನ ತುದಿಯಿಂದ ಹ್ಯಾಂಡಲ್ಲಿಗಿರುವ ದೂರ, ಅವೆರಡರ ನಡುವಿನ ಎತ್ತರದ ವ್ಯತ್ಯಾಸ, ಈ ನಾಲ್ಕನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ತಾವಾಗಿ ಬರೆದುಕೊಡುವ ರೂಢಿ ಅವರಿಗಿಲ್ಲ, ಕೇಳಿದರೆ ಬೇಸರಿಸದೆ ಕೊಡುತ್ತಾರೆ.