ರೋಮ್‌ನಲ್ಲಿ ಅಗ್ಗದ ರೂಮ್ ಸಿಕ್ಕಿದೆಯಾ? ಮೊದಲು ವಿಳಾಸ ನೋಡಿ

ರೋಮ್‌ಗೆ ಎರಡು ಮೂರು ದಿನದ ಮಟ್ಟಿಗೆ ಹೋಗುವವರು, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ದಯವಿಟ್ಟು ಇದನ್ನು ಓದಿ ಆಮೇಲೆ ರೂಮ್ ಬುಕ್ ಮಾಡಿ. ದೊಡ್ಡ ಹೋಟೆಲ್, ಈಜುಕೊಳ, ಬೆಳಗಿನ ತಿಂಡಿ, ಎಲ್ಲ ಸೇರಿ ಊರೊಳಗಿನ ಸಾಧಾರಣ ರೂಮಿಗಿಂತ ಕಡಿಮೆ ಬೆಲೆಗೆ ಕಂಡರೆ ವಿಳಾಸ ಎಲ್ಲಿದೆ ನೋಡಿ. ವಿಯಾ ಔರೇಲಿಯಾ ಅಂತಿದ್ದರೆ ಮ್ಯಾಪ್ ತೆರೆಯದೆ ಮುಂದುವರಿಯಬೇಡಿ.

ವಿಯಾ ಔರೇಲಿಯಾ ಒಂದು ಬೀದಿಯಲ್ಲ. ರೋಮನ್ನರ ಕಾಲದ ಹೆದ್ದಾರಿ. ವ್ಯಾಟಿಕನ್ ಹತ್ತಿರದಿಂದ ಹೊರಟು, ಊರ ಸುತ್ತಲಿನ ರಿಂಗ್ ರೋಡ್ ದಾಟಿ, ಸಮುದ್ರದ ಕಡೆಗೆ ಹೋಗಿಬಿಡುತ್ತದೆ. ಹಾಗಾಗಿ ಆ ಹೆಸರು ನೋಡಿದರೆ ಹೋಟೆಲ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನಾವು ಉಳಿದಿದ್ದ ಹೋಟೆಲ್ ತನ್ನ ಪುಟದಲ್ಲಿ ಹಾಕಿದ್ದು ಕೊಲೋಸಿಯಂ ಫೋಟೋ. ಕೆಳಗೆ 'ವ್ಯಾಟಿಕನ್ ಹತ್ತಿರ, ಮೆಟ್ರೋಗೆ ಉಚಿತ ಶಟಲ್' ಎಂಬ ಸಾಲು. ಆ 'ಹತ್ತಿರ' ಅಂದರೆ ಕಾರಿನವರಿಗೆ ಹತ್ತಿರ.

ಉಚಿತ ಶಟಲ್ ಕಥೆ ಕೇಳಿ. ರಿಸೆಪ್ಷನ್ ಮೇಜಿನ ಮೇಲೆ ಒಂದು ಹಾಳೆ, ಹಿಂದಿನ ದಿನವೇ ಅದರಲ್ಲಿ ಹೆಸರು ಬರೆಯಬೇಕು. ನಾವು ಹೋಗುವಷ್ಟರಲ್ಲಿ ಬೆಳಗಿನ ಗಾಡಿಯ ಸೀಟೆಲ್ಲ ಪ್ರವಾಸಿ ಗುಂಪೊಂದರ ಪಾಲಾಗಿತ್ತು. ರಾತ್ರಿ ವಾಪಸ್ ಕರೆತರುವ ಗಾಡಿ ಇಲ್ಲವೇ ಇಲ್ಲ. ಪುಟದಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ. ಕೇಳಿದರೆ 'ಕೊರ್ನೇಲಿಯಾ ಮೆಟ್ರೋ ಸ್ಟೇಷನ್ನಿಂದ ಬಸ್ ಇದೆ' ಎಂಬ ಉತ್ತರ.

ಬಸ್ ಇದೆ, ನಿಜ. ಆದರೆ ಸ್ಟಾಪ್ ಅಂದರೆ ರಸ್ತೆ ಅಂಚಿನಲ್ಲಿ ನೆಟ್ಟ ಒಂದು ಕಂಬ. ಫುಟ್‌ಪಾತ್ ಇಲ್ಲ. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಬಿಳಿ ಗೆರೆ, ಆ ಗೆರೆ ಪಕ್ಕದಲ್ಲೇ ಲಾರಿ, ಕಾರು ರಭಸವಾಗಿ ಹೋಗುತ್ತಿರುತ್ತವೆ. ರಾತ್ರಿ ಬಸ್ ಇಳಿದಾಗ ಅಮ್ಮ ಒಂದು ಕೈಯಲ್ಲಿ ಸೆರಗು ಬಿಗಿಯಾಗಿ ಹಿಡಿದು, ಇನ್ನೊಂದು ಕೈ ಗೋಡೆಗೆ ಊರಿಕೊಂಡು ನಡೆದರು. ಹಿಂದಿನಿಂದ ಬರುವವರಿಗೆ ಕಾಣಲಿ ಅಂತ ನಾನು ಫೋನ್ ಟಾರ್ಚ್ ಹಾಕಿಕೊಂಡು ಕೊನೆಯಲ್ಲಿದ್ದೆ. ಅಪ್ಪ ಏನೂ ಮಾತಾಡಲಿಲ್ಲ. ಮಾರನೇ ದಿನ ಸಂಜೆ ಆಗುವ ಮೊದಲೇ 'ರೂಮಿಗೆ ಹೋಗೋಣಪ್ಪ' ಅಂದರು. ದೀಪ ಹಚ್ಚಿದ ಮೇಲೆ ರೋಮ್ ಎಷ್ಟು ಚೆಂದ! ಅದನ್ನು ಅವರು ಸರಿಯಾಗಿ ನೋಡಲೇ ಇಲ್ಲ. ನನಗೆ ಇವತ್ತಿಗೂ ಸಂಕಟ ಅದೇ.

ಟ್ಯಾಕ್ಸಿ ಹಿಡಿದರೆ ಆಯ್ತಲ್ವಾ ಅನ್ನಬಹುದು. ವಿಮಾನ ನಿಲ್ದಾಣದ ಟ್ಯಾಕ್ಸಿಗೆ ನಿಗದಿ ದರ ಇರುವುದು ಮುಖ್ಯವಾಗಿ ಔರೇಲಿಯನ್ ಗೋಡೆಯ ಒಳಗಿನ ಊರಿಗೆ. ಮೂರನೇ ಶತಮಾನದಲ್ಲಿ ಕಟ್ಟಿದ ಕೋಟೆ ಗೋಡೆ ಅದು. ಅದರ ಆಚೆಗೆ ಸಾಮಾನ್ಯವಾಗಿ ಮೀಟರ್ ಲೆಕ್ಕ. ಊರೊಳಗಿಂದ ಆ ಹೆದ್ದಾರಿ ಹೋಟೆಲ್‌ಗೆ ಹೋಗುವುದೂ ಮೀಟರ್ ಮೇಲೆ, ರಾತ್ರಿ 10ರ ನಂತರ ದರ ಇನ್ನೂ ಜಾಸ್ತಿ. ರೂಮಿನಲ್ಲಿ ಉಳಿಸಿದ್ದು ಹೀಗೆ ಟ್ಯಾಕ್ಸಿಗೇ ಹೋಯಿತು. ಇದರ ಮೇಲೆ ಪ್ರವಾಸಿ ತೆರಿಗೆ ಬೇರೆ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಹೋಟೆಲ್‌ನಲ್ಲೇ ಕೊಡಬೇಕು. ಸ್ಟಾರ್ ಜಾಸ್ತಿ ಆದಷ್ಟೂ ತೆರಿಗೆಯೂ ಜಾಸ್ತಿ. ನಾಲ್ಕು ಜನ ಇದ್ದರೆ ಅದೂ ಕಡಿಮೆ ಮೊತ್ತವಲ್ಲ.

ರೋಮ್‌ನಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ರೂಮ್ ಯಾಕೆ ಬೇಕು ಗೊತ್ತಾ? ಮಧ್ಯಾಹ್ನ ಬಿಸಿಲು ಸುಡುತ್ತದೆ, ಹಿರಿಯರಿಗೆ ಒಂದು ಗಂಟೆ ಮಲಗಬೇಕು ಅನಿಸುತ್ತದೆ. ಊಟದ ಹೋಟೆಲ್‌ಗಳು ಮಧ್ಯಾಹ್ನ 3ರ ಹೊತ್ತಿಗೆ ಅಡುಗೆಮನೆ ಮುಚ್ಚಿದರೆ ಎಷ್ಟೋ ಕಡೆ ಮತ್ತೆ ತೆಗೆಯುವುದು ರಾತ್ರಿ 7ರ ಮೇಲೆ. ಊಟ ಮುಗಿಸಿ ಏಳುವಾಗ ತಡವಾಗಿಯೇ ಇರುತ್ತದೆ. ರೂಮ್ ದೂರ ಇದ್ದರೆ ಮಧ್ಯಾಹ್ನದ ವಿಶ್ರಾಂತಿಯೂ ಇಲ್ಲ, ನೆಮ್ಮದಿಯ ರಾತ್ರಿ ಊಟವೂ ಇಲ್ಲ.

ಹಾಗಾದರೆ ಎಲ್ಲಿ? ನನ್ನ ಮಟ್ಟಿಗೆ ಮೊದಲ ಆಯ್ಕೆ ಊರೊಳಗಿನ ಮೋಂತಿ ಬಡಾವಣೆ. ಕೊಲೋಸಿಯಂಗೆ ಹತ್ತೇ ನಿಮಿಷದ ನಡಿಗೆ, ತ್ರೇವಿ ಕಾರಂಜಿಗೂ ಕಾಲ್ನಡಿಗೆಯಲ್ಲೇ ಹೋಗಬಹುದು, ಕಾವೂರ್ ಮೆಟ್ರೋ ಅಲ್ಲೇ ಇದೆ. ಸ್ವಲ್ಪ ಏರಿಳಿತ ಇದೆ, ಬೆಲೆಯೂ ಜಾಸ್ತಿ. ಅಷ್ಟು ಕೊಡಲಾಗದಿದ್ದರೆ ಪಕ್ಕದ ಎಸ್ಕ್ವಿಲೀನೋ. ವಿತ್ತೋರಿಯೋ ಚೌಕದ ಸುತ್ತ ಭಾರತ, ಬಾಂಗ್ಲಾದೇಶದವರ ದಿನಸಿ ಅಂಗಡಿಗಳಿವೆ. ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ ಸಿಗುತ್ತವೆ. ಸಸ್ಯಾಹಾರಿ ಅಮ್ಮಂದಿರಿಗೆ ಅದೇ ದೊಡ್ಡ ಧೈರ್ಯ. ತೆರ್ಮಿನಿ ರೈಲು ನಿಲ್ದಾಣವೂ ಹತ್ತಿರ. ನಿಲ್ದಾಣಕ್ಕೆ ತೀರಾ ಅಂಟಿಕೊಂಡ ಬೀದಿಗಳು ರಾತ್ರಿ ನನಗೆ ಅಷ್ಟು ಹಿಡಿಸಲಿಲ್ಲ, ಸಾಂತಾ ಮರಿಯಾ ಮಜ್ಜೋರೆ ಚರ್ಚಿನ ಕಡೆಗೆ ನೋಡಿ.

ಇನ್ನೂ ಕಡಿಮೆಗೆ ಬೇಕೆಂದರೆ ಸಾನ್ ಜೊವಾನ್ನಿ. ರೋಮ್‌ನವರೇ ವಾಸ ಇರುವ ಜಾಗ, ಮೆಟ್ರೋದ ಎ ಮತ್ತು ಸಿ ಮಾರ್ಗ ಎರಡೂ ಸಿಗುತ್ತವೆ. ಮೊಣಕಾಲು ನೋವಿನವರಿದ್ದರೆ ಪ್ರಾತಿ ಒಳ್ಳೆಯದು. ಸಮತಟ್ಟಾದ ಅಗಲ ಬೀದಿಗಳು, ವ್ಯಾಟಿಕನ್‌ಗೆ ನಿಜವಾಗಿಯೂ ಹತ್ತಿರ. ತ್ರಾಸ್ತೇವೆರೆ ಬಗ್ಗೆ ಎಲ್ಲರೂ ಹೊಗಳುತ್ತಾರೆ, ಆದರೆ ಮೆಟ್ರೋ ಇಲ್ಲ, ರಾತ್ರಿ ಗದ್ದಲ, ಕಲ್ಲು ಹಾಸಿನ ಬೀದಿಯಲ್ಲಿ ಸೂಟ್‌ಕೇಸ್ ಎಳೆಯುವುದು ಕಷ್ಟ.

ಊರೊಳಗೆ ಲಿಫ್ಟ್ ಬಗ್ಗೆ ತಪ್ಪದೆ ಕೇಳಿ. ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಹೋಟೆಲ್ ಇರುವುದು ಅಲ್ಲಿ ಮಾಮೂಲು.

ಬುಕ್ ಮಾಡುವ ಮುಂಚೆ ಹೋಟೆಲ್‌ನಿಂದ ಕೊಲೋಸಿಯಂಗೆ ನಡಿಗೆ ದಾರಿ ಹಾಕಿ ನೋಡಿ. ಆಮೇಲೆ ಸ್ಟ್ರೀಟ್ ವ್ಯೂನಲ್ಲಿ ಗೇಟಿನ ಮುಂದೆ ಫುಟ್‌ಪಾತ್ ಇದೆಯಾ ನೋಡಿ. ವಿಮರ್ಶೆಗಳಲ್ಲಿ 'ಶಟಲ್' ಅಂತ ಹುಡುಕಿದರೂ ಸಾಕಷ್ಟು ಗೊತ್ತಾಗುತ್ತದೆ. ಈಗಾಗಲೇ ಅಂಥ ಕಡೆ ಬುಕ್ ಮಾಡಿದ್ದರೆ, ದುಡ್ಡು ಕಳೆದುಕೊಳ್ಳದೆ ರದ್ದು ಮಾಡಲು ಕೊನೆಯ ದಿನ ಯಾವುದು ಅಂತ ಇವತ್ತೇ ನೋಡಿಕೊಳ್ಳಿ.