ಮಾರುತಿ 800: ಇವತ್ತಿಗೂ ನನ್ನ ಮೆಚ್ಚಿನ ಕಾರು

ನಮ್ಮ ಮನೆಗೆ ಮೊದಲು ಬಂದದ್ದು ಪ್ರೀಮಿಯರ್ ಪದ್ಮಿನಿ, ಆಮೇಲೆ ಮಾರುತಿ 800, ಕೊನೆಗೆ ಝೆನ್. ಸ್ಟಿಯರಿಂಗ್ ಪಕ್ಕದಲ್ಲೇ ಗೇರು ಹಾಕುವ ಪದ್ಮಿನಿಯ ಗತ್ತೇ ಬೇರೆ, ಝೆನ್ ಓಟ ತುಂಬಾ ನಯ. ಆದರೂ ನನ್ನ ಪೂರ್ತಿ ಅಂಕ 800ಕ್ಕೇ.

796 ಸಿಸಿ, ಮೂರೇ ಸಿಲಿಂಡರ್. ಕೇಳಿದರೆ ಚಿಕ್ಕದು ಅನ್ನಿಸುತ್ತೆ, ಅಲ್ವಾ? ಆದರೆ ಗಾಡಿ ಹಗುರ ಇರುವುದರಿಂದ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಸೆಕೆಂಡ್ ಗೇರಿನಲ್ಲೇ ಸಲೀಸಾಗಿ ಹತ್ತುತ್ತಿತ್ತು, ಎಸಿ ಮಾತ್ರ ಆರಿಸಿ ಕಿಟಕಿ ಇಳಿಸಿಕೊಳ್ಳಬೇಕು, ಬೆಟ್ಟದ ಗಾಳಿ ಇರುವಾಗ ಎಸಿ ಯಾಕೆ ಬೇಕು ಹೇಳಿ. ದೇವರಾಜ ಮಾರ್ಕೆಟ್ ಹತ್ತಿರ ಸಣ್ಣ ಜಾಗ ಸಿಕ್ಕಿದರೂ ಸಾಕು, ನಿಲ್ಲಿಸಬಹುದಿತ್ತು. ಮಂಡ್ಯ, ಮದ್ದೂರು, ಎಲ್ಲೇ ಹೋಗಿ, ಇದರ ಕೆಲಸ ಗೊತ್ತಿಲ್ಲದ ಮೆಕ್ಯಾನಿಕ್ ನನಗೆ ಸಿಕ್ಕೇ ಇಲ್ಲ. ಹಿಂದಿನ ಸೀಟಿನಲ್ಲಿ ದೊಡ್ಡವರು ಮೂವರಾದರೆ ಇಕ್ಕಟ್ಟು, ಅದು ನಿಜ.

1983ರಲ್ಲಿ ಶುರುವಾದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಈಗ ಹಳೆಯದು ಕೊಳ್ಳುವವರು ಹೊರಗಿನ ಹೊಳಪು ನೋಡಬೇಡಿ. ಮ್ಯಾಟ್ ಎತ್ತಿ, ಬಾಗಿಲ ಕೆಳಗೆ ಬಗ್ಗಿ, ತುಕ್ಕು ಹಿಡಿದಿದೆಯಾ ನೋಡಿ. ಹದಿನೈದು ವರ್ಷ ದಾಟಿದ್ದರೆ ಆರ್‌ಸಿ ನವೀಕರಣ ಆಗಿದೆಯಾ ಅಂತಲೂ ಕೇಳಿ.