ಲ್ಯಾಪ್‌ಟಾಪ್ ಸ್ಟ್ಯಾಂಡ್ ಮತ್ತು ಬೇರೆ ಕೀಬೋರ್ಡ್: ಕಲಬುರಗಿ ಬಿಸಿಲಲ್ಲಿ ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಒಂದಕ್ಕೇ ಆಗುವಷ್ಟಿದ್ದರೆ ಸ್ಟ್ಯಾಂಡ್ ಆಮೇಲೆ ನೋಡಿ, ಕೀಬೋರ್ಡ್ ಮೊದಲು ತೊಗೊಳ್ಳಿ. ಸ್ಟ್ಯಾಂಡ್ ಜಾಗದಲ್ಲಿ ನಾಲ್ಕು ದಪ್ಪ ಪುಸ್ತಕ ಇಟ್ಟರೂ ತಕ್ಕಮಟ್ಟಿಗೆ ಕೆಲಸ ನಡೆಯುತ್ತದೆ. ಕೀಬೋರ್ಡಿಗೆ ಬದಲಿ ಏನೂ ಇಲ್ಲ. ನಾನು ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ಅಲ್ಯೂಮಿನಿಯಂ ಸ್ಟ್ಯಾಂಡ್, ವೈರಿನ ಕೀಬೋರ್ಡ್, ಮೌಸ್ ಮೂರನ್ನೂ ಒಟ್ಟಿಗೆ ತಂದೆ. ಎರಡು ಬೇಸಿಗೆ ದಾಟಿವೆ, ಈಗ ಬರೆಯಬಹುದು ಅನ್ನಿಸಿತು.

ನನ್ನದು ಲೆಕ್ಕಪತ್ರದ ಕೆಲಸ. ಕೆಲವು ದಾಲ್ ಮಿಲ್‌ಗಳು, ನಮ್ಮೂರ ಕಾಳುಕಡಿ ಮಾರುಕಟ್ಟೆಯಾದ ನೆಹರು ಗಂಜಿನ ಕೆಲವು ಅಡತಿ ಅಂಗಡಿಗಳು, ಇವರ ಲೆಕ್ಕವನ್ನು ಟ್ಯಾಲಿ ಸಾಫ್ಟ್‌ವೇರಿಗೆ ಹಾಕುವುದು ಮತ್ತು ಜಿಎಸ್‌ಟಿ ರಿಟರ್ನ್ ಮನೆಯಿಂದಲೇ ಮಾಡುತ್ತೇನೆ. ತಿಂಗಳ 11ರೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಕಟ್ಟುವ 3ಬಿ. ತೊಗರಿ ರಾಶಿ ಮುಗಿದು ಗಂಜಿಗೆ ಮಾಲು ಬರುವ ತಿಂಗಳುಗಳಲ್ಲಂತೂ ಬೆಳಗ್ಗೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಕುತ್ತಿಗೆಯಿಂದ ಬಲ ಭುಜಕ್ಕೆ ಇಳಿಯುವ ನೋವು ಶುರುವಾಗಿತ್ತು. ಫಿಸಿಯೋಥೆರಪಿ ಮಾಡುವ ಹುಡುಗಿ ಕೇಳಿದಳು: “ಅಕ್ಕಾರ, ಎಷ್ಟ್ ದಿನ ಅಂತ ಗುಳಿಗಿ ನುಂಗ್ತೀರಿ? ಮೊದ್ಲ ಸ್ಕ್ರೀನ್ ಮ್ಯಾಲೆ ಏರಸ್ರಿ.”

ಅವಳ ಮಾತಿನ ಹಿಂದೆ ಸರಳ ಕಾರಣ ಇದೆ. ಲ್ಯಾಪ್‌ಟಾಪಿನಲ್ಲಿ ಸ್ಕ್ರೀನು, ಕೀಲಿಗಳು ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಅನುಕೂಲವಾಗುವಂತೆ ಇಟ್ಟರೆ ಸ್ಕ್ರೀನು ತೀರಾ ಕೆಳಗಾಗುತ್ತದೆ, ತಲೆ ಬಗ್ಗುತ್ತದೆ. ದೊಡ್ಡವರ ತಲೆ ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ. ಅದು ಮುಂದಕ್ಕೆ ಬಾಗಿದಷ್ಟೂ ಹಿಡಿದು ನಿಲ್ಲಿಸುವ ಕುತ್ತಿಗೆ ಸ್ನಾಯುಗಳಿಗೆ ಎಳೆತ ಜಾಸ್ತಿ. ಅದೇ ಕಣ್ಣಿಗೆ ಅನುಕೂಲವಾಗುವಂತೆ ಎತ್ತರಿಸಿದರೆ ಕೈ ಮೇಲೇರಿ ಭುಜ ಹಿಡಿಯುತ್ತದೆ. ಬರೀ ಸ್ಟ್ಯಾಂಡ್ ತಂದು ಅದರ ಮೇಲೇ ಟೈಪ್ ಮಾಡುವವರಿಗೆ ಒಂದು ನೋವು ಹೋಗಿ ಇನ್ನೊಂದು ಬರುವುದು ಇದಕ್ಕೇ. ಎರಡನ್ನೂ ಬೇರೆ ಮಾಡಿದಾಗ ಮಾತ್ರ ಎರಡೂ ಸರಿಯಾದ ಎತ್ತರಕ್ಕೆ ಬರುತ್ತವೆ.

ನನ್ನ ಹೊಂದಾಣಿಕೆ ಹೀಗಿದೆ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ. ದೂರ ಒಂದು ಚಾಚಿದ ಕೈಯಷ್ಟು. ಕೀಬೋರ್ಡ್ ಮೊಣಕೈ ಮಟ್ಟಕ್ಕೆ, ಮಣಿಕಟ್ಟು ನೆಟ್ಟಗೆ. ಕೀಬೋರ್ಡಿನ ಹಿಂದೆ ಎರಡು ಪುಟ್ಟ ಕಾಲು ಇರುತ್ತವಲ್ಲ, ಅವನ್ನು ನಾನು ಬಿಚ್ಚುವುದೇ ಇಲ್ಲ. ಬಿಚ್ಚಿದರೆ ಮಣಿಕಟ್ಟು ಮೇಲಕ್ಕೆ ಮುರಿದುಕೊಂಡಂತೆ ಕೂರುತ್ತದೆ. ನಮ್ಮ ಮನೆಯವರು ಬೈಫೋಕಲ್ ಕನ್ನಡಕ ಹಾಕುತ್ತಾರೆ. ಅವರು ಕೂತಾಗ ಸ್ಟ್ಯಾಂಡನ್ನು ಇಳಿಸಲೇಬೇಕು, ಇಲ್ಲದಿದ್ದರೆ ಕೆಳಗಿನ ಗಾಜಿನಿಂದ ಓದಲು ಗದ್ದ ಎತ್ತಿ ಎತ್ತಿ ಅವರ ಕುತ್ತಿಗೆ ನೋಯುತ್ತದೆ. ಎತ್ತರ ಬದಲಿಸಲು ಬರುವ ಸ್ಟ್ಯಾಂಡ್ ಆರಿಸಿದ್ದು ಈ ಕಾರಣಕ್ಕೆ ಒಳ್ಳೆಯದಾಯಿತು.

ಲೆಕ್ಕದ ಕೆಲಸದವರಿಗೆ ಒಂದು ವಿಶೇಷ ಮಾತು. ನಮಗೆ ನಂಬರ್ ಪ್ಯಾಡ್ ಇಲ್ಲದೆ ಆಗುವುದಿಲ್ಲ. ಆದರೆ ನಂಬರ್ ಪ್ಯಾಡ್ ಇರುವ ಉದ್ದ ಕೀಬೋರ್ಡ್ ಮೌಸನ್ನು ಬಲಕ್ಕೆ ದೂರ ತಳ್ಳುತ್ತದೆ, ಕೈ ಇಡೀ ದಿನ ಚಾಚಿಯೇ ಇರುತ್ತದೆ. ಅದಕ್ಕೆ ನಾನು ಮೌಸನ್ನು ಎಡಗೈಗೆ ಬದಲಿಸಿದೆ. ಮೊದಲ ವಾರ ಕಿರಿಕಿರಿ. ಆಮೇಲೆ ಬಲಗೈ ಅಂಕಿಗಳ ಮೇಲೆ, ಎಡಗೈ ಮೌಸಿನ ಮೇಲೆ. ಕೆಲಸ ಮೊದಲಿಗಿಂತ ಚುರುಕಾಯಿತು, ಭುಜದ ನೋವು ನಿಜವಾಗಿ ಇಳಿದದ್ದೂ ಇದಾದ ಮೇಲೆಯೇ.

ಗಂಜಿನ ಅಂಗಡಿಗಳಲ್ಲಿ ಈಗಲೂ ಗಾದಿ ಮೇಲೆ ಕೂತು ಲೆಕ್ಕ ಬರೆಯುವ ಮುನೀಮರಿದ್ದಾರೆ. ಅವರಿಗೆ ಕುರ್ಚಿ ತೊಗೊಳ್ಳಿ ಅಂತ ಹೇಳುವ ಅಗತ್ಯ ಇಲ್ಲ. ಒಬ್ಬ ಮುನೀಮರಿಗೆ ನಾನೇ ಜೋಡಿಸಿಕೊಟ್ಟಿದ್ದೇನೆ. ಬೆನ್ನಿಗೆ ಲೋಡು ದಿಂಬು, ಎದುರಿನ ಗಿಡ್ಡ ಡೆಸ್ಕಿನ ಮೇಲೆ ಸ್ಟ್ಯಾಂಡ್, ತೊಡೆಯ ಮೇಲೆ ಪರೀಕ್ಷೆ ಬರೆಯುವ ಪ್ಯಾಡ್, ಅದರ ಮೇಲೆ ಕೀಬೋರ್ಡ್. ಕಾಲು ಜೋಮು ಹಿಡಿಯುವ ಮುಂಚೆ ಎದ್ದು ಒಂದು ಸುತ್ತು ಹಾಕಬೇಕು, ಅಷ್ಟೇ. ಎದ್ದು ಓಡಾಡುವುದು ಕುರ್ಚಿಯವರಿಗೂ ಬೇಕು. ಎಷ್ಟು ಸರಿಯಾಗಿ ಕೂತರೂ ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ಇದ್ದರೆ ಮೈ ಹಿಡಿಯುತ್ತದೆ.

ಇನ್ನು ನಮ್ಮ ಊರಿನ ನಿಜವಾದ ಸಮಸ್ಯೆಗೆ ಬರೋಣ, ಬಿಸಿಲು. ಮೇ ತಿಂಗಳಲ್ಲಿ 42-43 ಡಿಗ್ರಿ ಇಲ್ಲಿ ಮಾಮೂಲು. ಅನೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಸಬೇಕಾದ ಉಷ್ಣಾಂಶ 35 ಡಿಗ್ರಿವರೆಗೆ ಅಂತ ಬರೆದಿರುತ್ತದೆ. ಆರ್‌ಸಿಸಿ ಮನೆಯ ಮೇಲಿನ ಕೋಣೆಯಲ್ಲಿ ಮಧ್ಯಾಹ್ನ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಒಳಗೆ ಕಾವು ಏರಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಫ್ಯಾನು ಒಂದೇ ಸಮ ಅರಚುತ್ತದೆ. ಸ್ಟ್ಯಾಂಡ್ ಮೇಲಿಟ್ಟಾಗ ಕೆಳಗಿನ ಗಾಳಿ ಕಿಂಡಿಗಳು ತೆರೆದುಕೊಳ್ಳುತ್ತವೆ, ಫ್ಯಾನಿನ ಸದ್ದು ಕಡಿಮೆಯಾಗುತ್ತದೆ. ಆದರೆ ಕೋಣೆಯ ಗಾಳಿಯೇ ಬಿಸಿ ಇರುವಾಗ ಸ್ಟ್ಯಾಂಡ್ ಏನು ಮಾಡೀತು? ಏಪ್ರಿಲ್ ಬಂತೆಂದರೆ ನಾನು ಮೇಜನ್ನು ಕೆಳಗಿನ ಪಡಸಾಲೆಗೆ ಇಳಿಸುತ್ತೇನೆ. ಅಲ್ಲಿ ಶಹಾಬಾದ್ ಕಲ್ಲಿನ ನೆಲ, ಕೋಣೆ ತಂಪಾಗಿರುತ್ತದೆ. ಭಾರೀ ಕೆಲಸವೆಲ್ಲ ಬೆಳಗ್ಗೆ ಬೇಗ. ಕೂಲರನ್ನು ನೇರ ಮುಖಕ್ಕೆ ಹಿಡಿಯುವುದಿಲ್ಲ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಅದರ ಮೇಲೆ ಗಾಳಿ ಬಡಿದರೆ ಕಣ್ಣು ಒಣಗಿ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಾರಲ್ಲ, ಅದು ನನಗೆ ಉಪಯೋಗವಾಗಿದೆ. ಎದುರುಮನೆಯ ಬೇವಿನ ಮರ ನೋಡುತ್ತೇನೆ.

ಹಾಸಿಗೆ ಮೇಲೆ, ತೊಡೆ ಮೇಲೆ ಇಟ್ಟು ಕೆಲಸ ಮಾಡುವ ಮಕ್ಕಳಿಗೆ ದಯವಿಟ್ಟು ಹೇಳಿ. ಗಾದಿ ಕಿಂಡಿಗಳನ್ನು ಮುಚ್ಚುತ್ತದೆ. ದಿನಾ ತೊಡೆಗೆ ಕಾವು ತಗುಲಿದರೆ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಮೂಡುತ್ತದೆ. ಇದು ವೈದ್ಯರಿಗೆ ಗೊತ್ತಿರುವ ತೊಂದರೆ. ಬ್ಯಾಟರಿಗೂ ಕಾವು ಆಗುವುದಿಲ್ಲ, ಅದರಲ್ಲೂ ಯಾವಾಗಲೂ ಪೂರ್ತಿ ಚಾರ್ಜ್ ಇದ್ದಾಗ. ಸೆಟ್ಟಿಂಗ್‌ನಲ್ಲಿ ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿರಬಹುದು. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಆಫ್ ಮಾಡಿ ಸರ್ವಿಸ್‌ಗೆ ಕೊಡಿ.

ಲೋಹದ ಸ್ಟ್ಯಾಂಡ್ ಕೊಳ್ಳುವವರು ಇದನ್ನು ಗಮನವಿಟ್ಟು ಓದಿ. ಚಾರ್ಜಿಗೆ ಹಾಕಿದಾಗ ನನ್ನ ಸ್ಟ್ಯಾಂಡ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಚಾರ್ಜರಿನೊಳಗಿನ ಫಿಲ್ಟರಿನಿಂದ ತೀರಾ ಸಣ್ಣ ಕರೆಂಟ್ ಲೋಹದ ಮೈಗೆ ಬರುತ್ತದೆ. ಮೂರು ಪಿನ್ನಿನ ಚಾರ್ಜರಿನಲ್ಲಿ ಅದು ಅರ್ಥಿಂಗ್, ಅಂದರೆ ನೆಲಕ್ಕಿಳಿಸಿದ ವೈರಿನ ಮೂಲಕ ಹೋಗಬೇಕು. ನಮ್ಮ ಹಳೆ ಮನೆಯ ಬೋರ್ಡಿನಲ್ಲಿ ಮೂರನೇ ತೂತು ಇತ್ತು, ಅದಕ್ಕೆ ವೈರೇ ಇರಲಿಲ್ಲ! ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿದ ಮೇಲೆ ಜುಮ್ ನಿಂತಿತು. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುತ್ತದೆ, ಆಗ ಅರ್ಥಿಂಗ್ ಗುಂಡಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಆಗಾಗ ಒಂದು ಕೊಡ ನೀರು ಹಾಕಬೇಕು. ಗುಡುಗು ಸಿಡಿಲಿನ ಮಳೆ ಬಂದಾಗ ಪ್ಲಗ್ ಕಿತ್ತು ಬ್ಯಾಟರಿ ಮೇಲೆ ಕೆಲಸ ಮಾಡಿ.

ದೂರುಗಳೂ ಇವೆ. ಸ್ಟ್ಯಾಂಡಿನ ರಬ್ಬರ್ ಪಟ್ಟಿಗಳ ಗಮ್ಮು ಮೊದಲ ಬೇಸಿಗೆಯಲ್ಲೇ ಕರಗಿತು, ಲ್ಯಾಪ್‌ಟಾಪ್ ಜಾರತೊಡಗಿತು. ಅಂಗಡಿಯವರು ಬದಲಿ ಕೊಡಲಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ್ದೇನೆ, ಗಟ್ಟಿಯಾಗಿ ನಿಂತಿದೆ. ಎತ್ತರ ಪೂರ್ತಿ ಏರಿಸಿದರೆ ಸ್ವಲ್ಪ ಅಲುಗುತ್ತದೆ. ತೂಕವೂ ಜಾಸ್ತಿ, ಕಪನೂರಿನ ಮಿಲ್ಲಿಗೆ ಹೋಗುವ ದಿನ ಹೊತ್ತೊಯ್ಯಲು ಆಗುವುದಿಲ್ಲ. ಅಲ್ಲಿ ಖಾಲಿ ರಟ್ಟಿನ ಡಬ್ಬ ಒಂದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೀಬೋರ್ಡ್ ಮಾತ್ರ ಚೀಲದಲ್ಲಿ ಒಯ್ಯುತ್ತೇನೆ.

ದಿನಕ್ಕೆ ಅರ್ಧ ತಾಸು ಮೇಲ್ ನೋಡುವವರಿಗೆ ಇದ್ಯಾವುದೂ ಬೇಡ. ದಿನವಿಡೀ ಕೂರುವವರು ಅಂಗಡಿಗೆ ಹೋಗುವಾಗ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದು ಸ್ಟ್ಯಾಂಡ್ ಮೇಲಿಟ್ಟು ನೋಡಿ. ಕೀಲು ಬಿಗಿ ಇದೆಯಾ, ಕೆಳಗಿನ ಕಿಂಡಿ ಎಲ್ಲಾದರೂ ಮುಚ್ಚುತ್ತದಾ, ಎತ್ತರ ನಿಮ್ಮ ಕಣ್ಣಿಗೆ ಬರುತ್ತದಾ ಅಂತ ಕೂತೇ ಪರೀಕ್ಷಿಸಿ. ಅವಸರ ಮಾಡಿದರೆ ಅಂಗಡಿಯವರಿಗೆ “ಸ್ವಲ್ಪ ತಡೀರಿ ಅಣ್ಣಾರ” ಅನ್ನಿ.